ಯುಗಾದಿಯ ಎಳನೀರು

ಕಿಡ್ನಿ ಕೆಟ್ಟವನನ್ನು ಹಬ್ಬಕ್ಕೆ ಕರೆಯಲೇಬಾರದು. ಕರೆದವರಿಗೂ ಸಂಕಟ, ಹೋದವನಿಗೂ ಸಂಕಟ. ಡಯಾಲಿಸಿಸ್ ಶುರುವಾದ ಮೇಲೆ ಬಂದ ಮೊದಲ ಯುಗಾದಿಗೆ ತುಮಕೂರು ಬಿಟ್ಟು ಎಲ್ಲಿಗೂ ಬರುವುದಿಲ್ಲ ಎಂದು ನಾನು ಹಟ ಹಿಡಿದಿದ್ದೆ. ಅವ್ವ ಕೇಳಬೇಕಲ್ಲ. ಚೇಳೂರಿನಿಂದ ದಿನವೂ ಫೋನು.

"ಬಂದು ಮುಖ ತೋರಿಸ್ಬುಟ್ಟು ಹೋಗಪ್ಪ ರಂಗ. ತಿನ್ನು ಅಂತ ಯಾರಂದ್ರು?"

ಹೋದೆವು. ನನ್ನ ಹೆಂಡತಿ ಶಶಿರೇಖಾ ಕುಣಿಗಲ್ಲಿನವಳು, ಅತ್ತೆಮನೆ ಎಂದು ದನಿ ತಗ್ಗಿಸುವ ಪೈಕಿಯಲ್ಲ. ಹೊಸಿಲು ದಾಟುತ್ತಲೇ ಅಡುಗೆಮನೆಗೆ ನುಗ್ಗಿ ಶುರುಮಾಡಿದಳು. ಒಬ್ಬಟ್ಟು ಕೊಡಬೇಡಿ, ಒಬ್ಬಟ್ಟಿನ ಸಾರಂತೂ ಬೇಡವೇ ಬೇಡ, ಬಾಳೆಹಣ್ಣು ಬೇಡ, ಉಪ್ಪಿನಕಾಯಿ ತೋರಿಸಲೂ ಬೇಡಿ. ಅವ್ವ ಒಂದೊಂದಕ್ಕೂ "ಆಯ್ತು ಕಣವ್ವ, ಆಯ್ತು" ಎನ್ನುತ್ತ ಹೂರಣ ರುಬ್ಬುತ್ತಿದ್ದಳು. ಶಶಿ ಎಲ್ಲವನ್ನೂ ಹೇಳಿದಳು, ಎಳನೀರಿನ ಮಾತೊಂದನ್ನು ಬಿಟ್ಟು. ಅದು ಅವಳ ತಪ್ಪಲ್ಲ. ನಮ್ಮ ಕಡೆ ಎಳನೀರನ್ನು ಯಾರೂ ತಿನ್ನುವ ಪದಾರ್ಥದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಂದವರಿಗೆ ನೀರು ಕೊಟ್ಟ ಹಾಗೆ ಅದು. ಜ್ವರ ಬಂದರೂ ಅದೇ, ಬಾಣಂತಿಗೂ ಅದೇ.

ಆಸ್ಪತ್ರೆಯ ನರ್ಸು ಮಾತ್ರ ಮೊದಲ ದಿನವೇ ನನ್ನೊಬ್ಬನನ್ನೇ ಕೂರಿಸಿಕೊಂಡು ಹೇಳಿದ್ದಳು. "ನೀವು ತೆಂಗಿನ ಸೀಮೆಯವ್ರು, ಅದಕ್ಕೇ ಹೇಳ್ತಿದೀನಿ. ಎಳನೀರು ನಿಮಗೆ ವಿಷ ಅಂದ್ಕೊಳ್ಳಿ. ಅದ್ರಲ್ಲಿರೋ ಪೊಟ್ಯಾಸಿಯಂನ ನಿಮ್ಮ ಕಿಡ್ನಿ ಹೊರಗೆ ಹಾಕಲ್ಲ, ಹಾರ್ಟೇ ನಿಂತೋಗತ್ತೆ." ಅದನ್ನು ನಾನು ಮನೆಯಲ್ಲಿ ಹೇಳಲಿಲ್ಲ. ತುಮಕೂರಿನ ಮನೆಗೆ ಎಳನೀರು ತರುವವರು ಯಾರೂ ಇರಲಿಲ್ಲ, ಹೇಳುವ ಪ್ರಸಂಗವೇ ಬರಲಿಲ್ಲ.

ಮಧ್ಯಾಹ್ನ ಎಲೆ ಹಾಕಿದರು. ಎಲ್ಲರ ಎಲೆಯ ಮೇಲೂ ಒಬ್ಬಟ್ಟು, ಅದರ ಮೇಲೆ ಹೊಳೆಯುವ ತುಪ್ಪ. ನನ್ನದರ ಮೇಲೆ ಶಶಿ ಡಬ್ಬಿಯಲ್ಲಿ ತಂದಿದ್ದ, ಬೇಯಿಸಿ ನೀರು ಬಸಿದ ಬೀನ್ಸು. ಅಣ್ಣ ಆಂಜನಪ್ಪ ತಲೆ ಎತ್ತದೆ ತಿಂದ. ಅವನಿಗೂ ಆ ಒಬ್ಬಟ್ಟು ರುಚಿಸಿರಲಾರದು. ಅವ್ವ ಬಡಿಸುತ್ತ ಬಂದವಳು ನನ್ನ ಎಲೆಯ ಮುಂದೆ ನಿಂತು, ಕೈಯಲ್ಲಿದ್ದ ತಟ್ಟೆಯನ್ನು ಸೆರಗಿನಲ್ಲಿ ಮರೆಮಾಡಿಕೊಂಡು ಮುಂದೆ ಹೋದಳು. ಇಷ್ಟು ಹೊತ್ತು ಊಟದ ಮೇಲಿದ್ದ ಸಿಟ್ಟೆಲ್ಲ ನನ್ನ ಮೇಲೇ ತಿರುಗಿತು.

ಊಟವಾದ ಮೇಲೆ ಶಶಿ ಒಳಗೆ ಅಡ್ಡಾದಳು. ನಾನು ಹಿತ್ತಲ ಕಟ್ಟೆಯ ಮೇಲೆ ಕೂತಿದ್ದೆ. ಅವ್ವ ಅಣ್ಣನಿಗೆ ಹೇಳಿ ಎಳನೀರಿನ ಗೊನೆ ಇಳಿಸಿದ್ದಳು. ಮಚ್ಚು ಹಿಡಿದು ತಾನೇ ಕೆತ್ತಿ, ತುಂಬಿ ತುಳುಕುವ ಬುರುಡೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದಳು.

"ಹಬ್ಬದ ದಿನ ನನ್ನ ಕೈಯಿಂದ ಏನೂ ತಗೊಳ್ದೆ ಹೋಗ್ತೀಯಲ್ಲೋ. ಇದ್ಯಾವ ಊಟಾನೂ ಅಲ್ಲ ಬುಡು, ಬರೀ ನೀರು. ತಂಪು. ಕುಡಿ."

ಬೇಡ ಎನ್ನಬೇಕಿತ್ತು. ಎರಡೇ ಅಕ್ಷರ. ಆದರೆ ಬೆಳಗಿನಿಂದ ಅವಳ ಮುಖದಲ್ಲಿ ಕಾಣದ ನಗು ಆಗ ಕಂಡಿತ್ತು. ಒಂದು ಬುರುಡೆಯಿಂದ ಏನಾಗಿಬಿಡುತ್ತದೆ ಎಂದುಕೊಂಡೆ. ಕುಡಿದೆ. ಅವಳು ಇನ್ನೊಂದನ್ನು ಕೆತ್ತಿದಳು, ಅದನ್ನೂ ಕುಡಿದೆ. ಬುರುಡೆಯೊಳಗಿನ ಗಂಜಿಯನ್ನು ಅವಳೇ ಕೆರೆದು ಬಾಯಿಗಿಟ್ಟಳು. ಎಷ್ಟು ಸಿಹಿಯಾಗಿತ್ತು ಎಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ.

ಸಂಜೆಯ ಹೊತ್ತಿಗೆ ಕಾಲು ನನ್ನ ಮಾತು ಕೇಳಲಿಲ್ಲ. ಎದೆ ಒಮ್ಮೆ ಬಡಿದುಕೊಂಡು ಒಮ್ಮೆ ಸುಮ್ಮನಾಗುತ್ತಿತ್ತು. ಅಣ್ಣ ಕಾರು ತಂದ. ಗುಬ್ಬಿ ದಾಟುವಾಗ ಅವ್ವ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸಿಕ್ಕ ಸಿಕ್ಕ ದೇವರಿಗೆಲ್ಲ ಹರಕೆ ಹೊತ್ತಿದ್ದು ಅರೆಬರೆ ನೆನಪಿದೆ.

ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ, ಮಷೀನಿಗೆ ಹಾಕಿ, ಅಂತೂ ಉಳಿಸಿಕೊಂಡರು. ಡಾಕ್ಟರು ಬಂದು ಏನು ತಿಂದಿರಿ ಎಂದು ಕೇಳಿದರು. ಡಬ್ಬಿಯ ಬೀನ್ಸು ಬಿಟ್ಟು ಏನೂ ಇಲ್ಲ ಎಂದು ಶಶಿ ಆಣೆ ಮಾಡಿದಳು. ಅವ್ವನೂ ಮುಂದೆ ಬಂದಳು.

"ಒಬ್ಬಟ್ಟು ಮುಟ್ಲಿಲ್ಲ ಡಾಕ್ಟ್ರೇ. ನಾನೇ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಂಡಿದೀನಿ. ಎರಡು ಎಳ್ನೀರು ಕುಡಿದವ್ನೆ ಅಷ್ಟೇಯ."

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಅದರಿಂದಲೇ ಇಷ್ಟಾಗಿದ್ದು, ಇನ್ನೊಂದು ಗಂಟೆ ತಡವಾಗಿದ್ದರೆ ಜೀವ ಹೋಗುತ್ತಿತ್ತು ಎಂದು ಮೆಲ್ಲಗೆ ಹೇಳಿ ಹೊರಟುಹೋದರು. ಅವ್ವ ಗೋಡೆ ಹಿಡಿದುಕೊಂಡು ನಿಂತಳು. ಆಮೇಲೆ ನನ್ನ ಮಂಚದ ಹತ್ತಿರ ಬಂದಳು.

"ನಿಂಗೆ ಗೊತ್ತಿತ್ತೇನಪ್ಪ?"

ತಪ್ಪೆಲ್ಲ ನನ್ನದೇ ಆಗಲಿ, ಇವಳ ಎದೆ ಹಗುರವಾಗಲಿ ಎಂದುಕೊಂಡು ನಿಜವನ್ನೇ ಹೇಳಿದೆ. "ಗೊತ್ತಿತ್ತು ಕಣವ್ವ. ನಿನ್ನ ತಪ್ಪೇನಿಲ್ಲ."

"ಗೊತ್ತಿದ್ದೂ ನನ್ನ ಕೈಲೇ ಕುಡಿಸ್ಕೊಂಡ್ಯಾ?"

ಅಷ್ಟೇ ಕೇಳಿದ್ದು. ಶಶಿ ಮುಖ ಆಚೆ ತಿರುಗಿಸಿಕೊಂಡಳು.

ಈ ವರ್ಷದ ಯುಗಾದಿಗೂ ಚೇಳೂರಿಗೆ ಹೋಗಿದ್ದೆವು. ಅವ್ವ ಎಲ್ಲರಿಗೂ ಬಡಿಸಿದಳು. ನನ್ನ ಎಲೆ ಬಂದಾಗ ಸೌಟನ್ನು ಶಶಿಯ ಕೈಗೆ ಕೊಟ್ಟಳು. ಕುಡಿಯುವ ನೀರನ್ನೂ ನನಗೆ ತಾನು ಕೊಡುವುದಿಲ್ಲ, ವರ್ಷದಿಂದ ಹಾಗೇ ನಡೆದಿದೆ.

"ಅವ್ವ, ಒಂದು ಹಿಡಿ ಅನ್ನ ನೀನೇ ಹಾಕು" ಎಂದೆ.

ಅವಳು ಅಣ್ಣನ ಎಲೆಗೆಂದು ತಂದಿದ್ದ ಒಬ್ಬಟ್ಟನ್ನು ನನ್ನ ಮುಂದೆ ಚಾಚಿದಳು.

"ತಗೋ."

"ಬೇಡವ್ವ."

"ಇದನ್ನ ಅವತ್ತು ಅಂದಿದ್ರೆ ಆಗ್ತಿತ್ತಲ್ಲೋ" ಎಂದಳು. ಒಬ್ಬಟ್ಟನ್ನು ಅಣ್ಣನ ಎಲೆಗೆ ಹಾಕಿ, ಕಣ್ಣೊರೆಸಿಕೊಂಡು, "ಶಶಿ, ಇವ್ನಿಗೆ ನೀನೇ ಅನ್ನ ಹಾಕವ್ವ" ಎಂದು ಒಳಗೆ ಹೋದಳು.