ನಾಲ್ಕನೆಯ ಪ್ಲಗ್

ಎಂಬತ್ತನಾಲ್ಕರ ಬೇಸಿಗೆಯಲ್ಲಿ ನನ್ನ ಅಕ್ಕ ಸೆಲ್ಲಮ್ಮನಿಗೆ ಎದೆನೋವು ಬಂದ ದಿನ, ಭಾವನ ಅಂಬಾಸಿಡರ್ ಕಾರು ಕುಂಟುತ್ತಿತ್ತು. ಎಂಜಿನ್ನಿನ ನಾಲ್ಕು ಸ್ಪಾರ್ಕ್ ಪ್ಲಗ್ಗುಗಳಲ್ಲಿ ಒಂದು ಕಿಡಿ ಕೊಡುತ್ತಿರಲಿಲ್ಲ. ನಮ್ಮೂರು ಮಡತ್ತುಕುಳಂನಿಂದ ಉಡುಮಲೈ ಆಸ್ಪತ್ರೆಗೆ ಅರ್ಧ ಗಂಟೆಯ ದಾರಿ.

"ಮೂರು ಪ್ಲಗ್ಗಲ್ಲೇ ಹೋಗ್ತದೆ ಮಚ್ಚಾನ್, ಸೀಕ್ರಂ, ಬೇಗ ಹೊರಡಾಣ," ಎಂದರು ಭಾವ.

ನಾನು ಮೆಕ್ಯಾನಿಕ್. ಹದಿನೆಂಟು ವರ್ಷದಲ್ಲಿ ಒಂದು ಪ್ಲಗ್ಗನ್ನೂ ಮುರಿದವನಲ್ಲ. ನಮ್ಮ ಮನೆಯ ಗಾಡಿಯೇ ಕುಂಟುತ್ತಾ ಊರು ದಾಟುವುದೇ?

"ದಾರೀಲಿ ನಿಂತ್ರೆ ಏನ್ ಮಾಡ್ತೀರಿ ಬಾವಾ? ಹತ್ತೇ ನಿಮಿಷ," ಎಂದು ಬಾನೆಟ್ ಎತ್ತಿದೆ.

ಅಕ್ಕ ಜಗಲಿಯಲ್ಲಿ ಎದೆ ಒತ್ತಿಕೊಂಡು ಕೂತಿದ್ದಳು. "ಅವನು ನೋಡ್ಲಿ ಬಿಡಿ," ಎಂದಳು. ನನ್ನ ಕೈಗುಣದ ಮೇಲೆ ಅವಳಿಗೆ ಅಷ್ಟು ನಂಬಿಕೆ.

ಪ್ಲಗ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಜೋರು ಮಾಡಿದರೆ ಮುರಿಯುತ್ತದೆ. ಬುಡಕ್ಕೆ ಸೀಮೆಎಣ್ಣೆ ಬಿಟ್ಟು ಕಾದೆ. ಕೂದಲೆಳೆಯಷ್ಟು ತಿರುಗಿಸಿದೆ. ಕಿರುಗುಟ್ಟಿತು. ಹಿಂದಕ್ಕೆ ತಿರುಗಿಸಿ ಮತ್ತೆ ಎಣ್ಣೆ ಬಿಟ್ಟೆ. ಭಾವ ಎರಡು ಸಲ ಬಂದು ಪಕ್ಕದಲ್ಲಿ ನಿಂತರು. ಎರಡು ಸಲವೂ ಗದರಿ ಕಳಿಸಿದೆ. ಅವಸರದ ಕೆಲಸ ನನ್ನ ಕೈಯಲ್ಲಿ ಆಗುವುದಿಲ್ಲ ಎಂದೆ.

ಒಂದೂವರೆ ಗಂಟೆಯ ಮೇಲೆ ಅದು ಈಚೆ ಬಂತು. ಅದರ ಪಿಂಗಾಣಿ ಬಿರಿದಿರಲಿಲ್ಲ, ತಿರುಪಿನ ಒಂದು ಸುತ್ತೂ ಸವೆದಿರಲಿಲ್ಲ.

"ಬಂತು ಅಕ್ಕಾ!" ಎಂದು ಪ್ಲಗ್ಗನ್ನು ಎತ್ತಿ ಹಿಡಿದು ಜಗಲಿಯತ್ತ ತಿರುಗಿದೆ.

ಭಾವ ಅಕ್ಕನ ತೆರೆದೇ ಉಳಿದ ಕಣ್ಣುಗಳನ್ನು ಮುಚ್ಚುತ್ತಿದ್ದರು. ನನ್ನನ್ನು ಬೈಯಲಿಲ್ಲ.

"ಮೂರರಲ್ಲೇ ಹೋಗ್ತಿತ್ತು," ಎಂದರು, ಅಷ್ಟೇ.