ಗೂಡಿಗೆ ಹೊಲಿದ ಗೋಣಿ

ಇದನ್ನು ಹೇಳಲು ನೀನು ಯಾರು ಎಂದು ಕೇಳಿದರೆ ನನ್ನಲ್ಲಿ ಸರಿಯಾದ ಉತ್ತರವಿಲ್ಲ. ನಾನು ಅಕ್ಷರ ಕಲಿತದ್ದು ಮದುವೆಯಾದ ಮೇಲೆ, ಸಂಜೆಯ ತರಗತಿಯಲ್ಲಿ. ಅತ್ತೆಮನೆಯ ಮಾತನ್ನು ಬೀದಿಗೆ ತರುವುದು ಒಳ್ಳೆಯ ಲಕ್ಷಣವಲ್ಲ ಎನ್ನುವುದೂ ಗೊತ್ತು. ಎಲ್ಲಾದರೂ ತಪ್ಪಿದರೆ ಕ್ಷಮಿಸಬೇಕು.

ನನ್ನ ಅತ್ತೆ ಉಮ್ ಶಹಾತ, ಅಂದರೆ ಶಹಾತನ ತಾಯಿ, ಮಾಳಿಗೆಯ ಮೇಲೆ ಕೋಳಿ ಸಾಕುತ್ತಾಳೆ. ಖರ್ಜೂರದ ಗರಿಯ ದಿಂಡಿನಿಂದ ಕಟ್ಟಿದ ಗೂಡು ಹತ್ತಿಕಡ್ಡಿಯ ರಾಶಿಗೆ ಒತ್ತಿಕೊಂಡಿದೆ. ಒಳಗೆ ಕೂರಲು ಅಡ್ಡಕೋಲು, ಮೊಟ್ಟೆಯಿಡಲು ಬಾಯೊಡೆದ ಗಡಿಗೆಗಳು, ಹೊರಳಾಡಲು ಒಲೆಯ ಬೂದಿ. ಕೋಳಿ ಎಷ್ಟಿವೆ ಎಂದು ಯಾರಾದರೂ ಕೇಳಿದರೆ, "ಎಲ್ಲಿ ಬಂತು ತಾಯಿ, ಎರಡೋ ಮೂರೋ ರೋಗಿಷ್ಟ ಪಿಳ್ಳೆ," ಎನ್ನುತ್ತಾಳೆ. ಅವಳಿಗೆ ದೃಷ್ಟಿಯ ಭಯ. ಮೊದಲ ಗಂಡುಕೂಸುಗಳು ಉಳಿಯದ ಮೇಲೆ ಹುಟ್ಟಿದ ನನ್ನ ಗಂಡನಿಗೆ ಶಹಾತ, ಅಂದರೆ ತಿರುಪೆಯವನು, ಎಂದು ಹೆಸರಿಟ್ಟದ್ದೂ ಅದೇ ಭಯಕ್ಕೆ.

ಆ ಚಳಿಗಾಲದಲ್ಲಿ ನಾದಿನಿ ಇಂಶಿರಾಹ್ ತುಂಬು ಬಸುರಿ. ಹೆರಿಗೆಯ ಏಳನೆಯ ದಿನ ತವರಿನ ತಾಯಿ ಜೀವಂತ ಕೋಳಿಗಳ ಬುಟ್ಟಿ ಹೊತ್ತು ಬೀಗರ ಬಾಗಿಲಿಗೆ ಹೋಗಬೇಕು. ಬಾಣಂತಿಯ ಸಾರಿಗೆ ಬೇಕಾದ ಕೋಳಿಗಳು ಅವು. ಬುಟ್ಟಿಯ ಬಟ್ಟೆ ಸರಿಸಿ ನೋಡುವವಳು ಇಂಶಿರಾಹಳ ಅತ್ತೆ. ಬುಟ್ಟಿ ಬಡಕಲಾದರೆ ಆ ಮಾತು ಇಂಶಿರಾಹಳಿಗೆ ತಲೆ ನರೆಯುವವರೆಗೂ ಕೇಳುತ್ತಿರುತ್ತದೆ. ಹಾಗಾಗಿ ನನ್ನ ಅತ್ತೆ ಆ ಕೋಳಿಗಳನ್ನು ಮಕ್ಕಳಂತೆ ಕಾದಿದ್ದಳು.

ಆಗಲೇ ಪಕ್ಕದ ಮನೆಗೆ ತಫೀದಾ ಬಾಡಿಗೆಗೆ ಬಂದಳು. ಅವಳ ಮಾಳಿಗೆಗೂ ನಮ್ಮದಕ್ಕೂ ನಡುವೆ ಸೊಂಟದೆತ್ತರದ ಗೋಡೆ. ಬಟ್ಟೆ ಒಣಹಾಕುತ್ತಾ ನಮ್ಮ ಗೂಡಿನತ್ತ ನೋಡಿ, "ಎಷ್ಟು ದುಂಡದುಂಡಗಿವೆ ಉಮ್ ಶಹಾತ ನಿಮ್ಮ ಕೋಳಿ," ಎಂದಳು. ಅಷ್ಟೇ. ಹಿಂದೆ, ದೃಷ್ಟಿ ತಾಗದಿರಲೆಂದು ಹೇಳುವ 'ಮಾಶಾ ಅಲ್ಲಾ' ಸೇರಿಸಲಿಲ್ಲ.

ಅತ್ತೆ ಮೆಟ್ಟಿಲಿಳಿಯುತ್ತಲೇ ನನ್ನ ತೋಳು ಹಿಡಿದಳು. "ಕೇಳಿದ್ಯಾ ನಗಾತ್? ದೇವರ ಹೆಸರು ಹೇಳಲಿಲ್ಲ."

"ಮರೆತಿರಬೇಕು ಅಮ್ಮಾ."

"ಮರೆಯೋದಕ್ಕೆ ಅವಳೇನು ಪರದೇಶದವಳಾ? ಬೇಕಂತಲೇ ನುಂಗಿಕೊಂಡಳು."

ಮರುದಿನ ಕೆಂಚು ಹ್ಯಾಟೆಕೋಳಿ ತೊಗಲುಮೊಟ್ಟೆ ಇಟ್ಟಿತು, ಚಿಪ್ಪೇ ಇಲ್ಲ. ಅತ್ತೆ ಅದನ್ನು ಅಂಗೈಯಲ್ಲಿ ಹಿಡಿದು ನನ್ನತ್ತ ನೋಡಿದಳು. ಸುಣ್ಣದಂಶ ಸಾಲದೆಯೂ ಹೀಗಾಗುತ್ತದೆ, ಹಳೆಯ ಮೊಟ್ಟೆಚಿಪ್ಪು ಪುಡಿಮಾಡಿ ಮೇವಿಗೆ ಬೆರೆಸೋಣ ಎಂದೆ. ಬೆರೆಸು, ಬೇಡ ಅಂದವರಾರು ಎಂದಳು. ಆದರೆ ಸಂಜೆಗೆ ಪಟಿಕದ ತುಂಡನ್ನು ಕೆಂಡದ ಮೇಲಿಟ್ಟಳು. ದೃಷ್ಟಿ ಹಾಕಿದವರ ರೂಪ ಅದರಲ್ಲಿ ಮೂಡುತ್ತದೆ ಎನ್ನುತ್ತಾರೆ. ಪಟಿಕ ಉಬ್ಬಿ ನೊರೆಗಟ್ಟಿ ನಿಂತಿತು.

"ನೋಡು, ಅವಳದ್ದೇ ತಲೆವಸ್ತ್ರದ ಗಂಟು."

ನನಗೆ ಅದು ಕಾವಿಗೆ ಕೂತ ಕೋಳಿಯಂತೆ ಕಂಡಿತು.

ಅಂದೇ ಅತ್ತೆ ಅಕ್ಕಿಮೂಟೆಯ ಗೋಣಿಗಳನ್ನು ಬಿಚ್ಚಿ ತಫೀದಾಳ ಕಡೆಗಿದ್ದ ಗೂಡಿನ ಬದಿಗೆ ಹೊಲಿದಳು. ಅವಳ ಮಾಳಿಗೆಕೋಣೆಯ ಮೇಲಿನ ಕಿಟಕಿಯಿಂದಲೂ ಕಾಣುತ್ತದೆ ಎನಿಸಿ ಗೂಡಿನ ಛಾವಣಿಗೂ ಹೊಲಿದಳು. ತಫೀದಾಳ ತಂಗಿಯ ಮನೆ ಬೀದಿಯಾಚೆ ಇದೆ ಎಂದು ತಿಳಿದ ಮೇಲೆ ಉಳಿದ ಬದಿಗಳಿಗೂ. ಪ್ರತಿ ಸಂಜೆ ನನ್ನ ಕೈಯಲ್ಲಿ ಗೂಡಿನೊಳಗೇ ಧೂಪ ಹಾಕಿಸುತ್ತಿದ್ದಳು.

ಕೆಲವೇ ದಿನಗಳಲ್ಲಿ ಕೋಳಿಗಳ ಕಣ್ಣಲ್ಲಿ ನೀರು ತುಂಬಿತು. ಕತ್ತು ಚಾಚಿ ಬಾಯಿಂದ ಉಸಿರೆಳೆಯತೊಡಗಿದವು. ಮೊಟ್ಟೆ ನಿಂತಿತು. ಹಿಕ್ಕೆ ಬಳಿಯಲು ನಾನು ಒಳಗೆ ಬಗ್ಗಿದರೆ ಹುಲ್ಲು ಒದ್ದೆ, ಘಾಟು ಮೂಗಿಗೆ ಸೂಜಿಯಂತೆ ಚುಚ್ಚಿತು. ಗೋಡೆಯಾಚೆಯಿಂದ ತಫೀದಾ ಮೆಲ್ಲಗೆ ಕೇಳಿದಳು: "ತಂಗೀ, ಅವಕ್ಕೆ ಒಳಗೆ ಉಸಿರಾಡೋಕೆ ಆಗುತ್ತಾ?"

ನಾನು ಹಿಕ್ಕೆಯ ಬುಟ್ಟಿ ಎತ್ತಿಕೊಂಡು ಇಳಿದೆ. ಅವಳು ಹೇಳಿದ್ದು ನನ್ನ ಮನಸ್ಸಿನದ್ದೇ ಮಾತು. ಆದರೂ ಕಾಣದ ಗೂಡಿನ ಮೇಲೆ ಅವಳಿಗೇಕೆ ಅಷ್ಟು ಕಾಳಜಿ? ಗೋಣಿ ತೆಗೆಸುವ ಉಪಾಯವಿದ್ದರೆ? ಆಮೇಲೆ ನನ್ನ ಮೇಲೇ ನನಗೆ ನಾಚಿಕೆಯಾಯಿತು. ನಾಚಿಕೆಯಾದರೂ ಅನುಮಾನ ಹೋಗಲಿಲ್ಲ.

ಅತ್ತೆಗೆ ಹೇಳಿದೆ: "ಅಮ್ಮಾ, ಗಾಳಿಯಿಲ್ಲ. ಹಿಕ್ಕೆಯ ಘಾಟು, ಮೇಲೆ ಹೊಗೆ. ಗೋಣಿ ತೆಗೆಯೋಣ."

"ಯಾರು ಹೇಳಿಕೊಟ್ಟರು?"

"ಯಾರೂ ಇಲ್ಲ."

"ಗೋಡೆ ಹತ್ತಿರ ಗುಸುಗುಸು ಕೇಳ್ತು. ನಿಂಗೆ ಸಕ್ಕರೆ ಕೊಟ್ಟಳಾ, ಚಹಾ ಕೊಟ್ಟಳಾ? ನೀನು ಈ ಮನೆ ಸೊಸೆಯೋ ಆ ಮನೆಯದೋ?"

ಮರುದಿನ ಬೂದು ಹ್ಯಾಟೆ ಅಡ್ಡಕೋಲಿನ ಕೆಳಗೆ ಸತ್ತುಬಿದ್ದಿತ್ತು. ಅದೇ ಬೆಳಿಗ್ಗೆ ಸುದ್ದಿ ಬಂತು: ಇಂಶಿರಾಹಳಿಗೆ ಹೆಣ್ಣುಮಗು, ತಾಯಿ ಮಗು ಸುಖವಾಗಿದ್ದಾರೆ. ಅತ್ತೆ ಅಡುಗೆಮನೆಯಿಂದ ಚಾಕು ತಂದಳು.

"ಸಾಯೋ ಮುಂಚೆ ಎಲ್ಲವನ್ನೂ ಹಲಾಲ್ ಮಾಡಿಬಿಡೋಣ. ಮಾಂಸವನ್ನಾದರೂ ಹೊತ್ತುಕೊಂಡು ಹೋಗ್ತೀನಿ."

"ಗೊರಗುಟ್ಟೋ ಕೋಳಿಯ ಸಾರನ್ನ ಹಸಿ ಬಾಣಂತಿಗೆ ಕುಡಿಸ್ತೀರಾ? ಮೊಲೆ ಕುಡಿಯೋ ಕೂಸಿದೆ ಅಮ್ಮಾ."

ಅವಳ ಕೈ ತಡೆಯಿತು. ನಾನು ನನ್ನ ಜೀವನದಲ್ಲಿ ಅಷ್ಟು ದಿಟ್ಟವಾಗಿ ಮಾತಾಡಿರಲಿಲ್ಲ. "ಒಂದು ಸಲ ನೀವೇ ಒಳಗೆ ತಲೆ ಹಾಕಿ ಉಸಿರೆಳೀರಿ. ಆಮೇಲೆ ನಿಮ್ಮಿಷ್ಟ."

ಅತ್ತೆಗೆ ಬೆನ್ನು ಬಗ್ಗುವುದಿಲ್ಲ, ಗೂಡಿನೊಳಗಿನ ಕೆಲಸ ಬಹಳ ಕಾಲದಿಂದ ನನ್ನದೇ. ಗೊಣಗುತ್ತಾ ಮಂಡಿಯೂರಿ ತಲೆ ತೂರಿಸಿದಳು. ಕ್ಷಣದಲ್ಲಿ ಕೆಮ್ಮುತ್ತಾ ಹೊರಬಂದಳು. ಎರಡೂ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು. ಇನ್ನು ಗೆದ್ದೆ ಎಂದುಕೊಂಡೆ.

"ನೋಡ್ದಾ," ಎಂದಳು ತಲೆವಸ್ತ್ರದ ಅಂಚಿನಲ್ಲಿ ಒರೆಸಿಕೊಳ್ಳುತ್ತಾ, "ಅವಳ ಕಣ್ಣು ಈಗ ನನಗೂ ತಾಗಿತು."

ನನಗೆ ಅಳುವೂ ನಗುವೂ ಒಟ್ಟಿಗೆ ಬಂದವು. ವಾದ ಮಾಡಿ ಉಪಯೋಗವಿಲ್ಲ ಎಂದು ಆಗ ತಿಳಿಯಿತು. "ಸರಿ ಅಮ್ಮಾ, ಹಾಗಾದರೆ ಗೋಣಿ ಅವಳಿಗೆ ಹತ್ತಿರ ಇರಬೇಕಲ್ವಾ? ಗೂಡಿಗೆ ಯಾಕೆ ಹೊದಿಸಬೇಕು, ಗೋಡೆಗೇ ಹೊದಿಸೋಣ. ಕಣ್ಣು ಅಲ್ಲೇ ತಡೆಯಲಿ, ಇಲ್ಲಿವರೆಗೆ ಬರೋದೇ ಬೇಡ."

ಅತ್ತೆ ಗೋಡೆಯನ್ನು ನೋಡಿದಳು, ಗೂಡನ್ನು ನೋಡಿದಳು, ಕೊನೆಗೆ ನನ್ನನ್ನು ಬಹಳ ಹೊತ್ತು ನೋಡಿದಳು. "ಮೇಲಿನ ಕಿಟಕಿ?"

"ಉದ್ದ ಕೋಲು ನಿಲ್ಲಿಸೋಣ."

"ಬೀದಿಯಾಚೆಯ ತಂಗಿ?"

"ಆ ಕಡೆ ಹತ್ತಿಕಡ್ಡಿಯನ್ನ ಎತ್ತರಕ್ಕೆ ಒಟ್ಟೋಣ. ಗೂಡಿನಿಂದ ಒಂದಿಷ್ಟು ದೂರದಲ್ಲಿ."

ಚಾಕುವಿನಿಂದ ಅವಳೇ ಹೊಲಿಗೆ ಕತ್ತರಿಸಿದಳು. ಗೋಡೆಯುದ್ದಕ್ಕೂ ಗೋಣಿಪರದೆ ನಿಂತಿತು. ನಾನು ಒದ್ದೆ ಹುಲ್ಲನ್ನೆಲ್ಲ ಬಾಚಿ, ನೆಲ ಕೆರೆದು, ಬಿಸಿಲಿಗೆ ಒಣಗಿಸಿದ ಭತ್ತದ ಹುಲ್ಲು ಹಾಸಿದೆ. ನೀರಿನ ಮಡಕೆ ತಿಕ್ಕಿದೆ. ಧೂಪವನ್ನು ಪರದೆಯ ಬುಡದಲ್ಲಿ ಹಾಕಿದರೆ ಇನ್ನೂ ಒಳ್ಳೆಯದಲ್ಲವೇ ಎಂದೆ, ಅದಕ್ಕೂ ಒಪ್ಪಿದಳು. ಆಚೆಯಿಂದ ತಫೀದಾಳ ಕೆಮ್ಮು ಕೇಳಿಸಿತು. ಅತ್ತೆಯ ಮುಖ ಅರಳಿತು.

ಕೋಳಿಗಳ ಉಸಿರು ನಿಧಾನವಾಗಿ ಹಗುರವಾಯಿತು. ಇನ್ನೂ ಗೊರಗುಟ್ಟುತ್ತಿದ್ದ ಎರಡನ್ನು ನಂಬದೆ ಬೇರೆ ಕಟ್ಟಿದೆ. ಮಿಕ್ಕವು ಬೂದಿಯಲ್ಲಿ ಹೊರಳಾಡಿ, ಹಸಿ ಸೊಪ್ಪಿಗೆ ಜಗಳವಾಡತೊಡಗಿದವು. ಏಳನೆಯ ದಿನ ನನ್ನನ್ನೂ ಕರೆದುಕೊಂಡು ಹೋಗಿ, ಬೀಗರ ಹೊಸ್ತಿಲಲ್ಲಿ ಅತ್ತೆ ಬುಟ್ಟಿ ಇಳಿಸಿದಳು. ಇಂಶಿರಾಹಳ ಅತ್ತೆ ಬಟ್ಟೆ ಸರಿಸಿ, ಒಂದೊಂದರ ರೆಕ್ಕೆ ಎತ್ತಿ, ಎದೆ ಹಿಸುಕಿ, ಕಣ್ಣು ಬಿಡಿಸಿ ನೋಡಿದಳು.

"ಪರವಾಗಿಲ್ಲ," ಎಂದಳು. "ಸ್ವಲ್ಪ ಇಳಿದಿವೆ."

"ದಾರಿ ದೂರ ನೋಡಿ," ಎಂದಳು ನನ್ನ ಅತ್ತೆ. "ನೀವು ನೋಡ್ತಾ ನೋಡ್ತಾ ಇನ್ನೂ ಇಳಿದಾವು."

ಎರಡೂ ಕಡೆಯವರು ನಕ್ಕರು. ಇಂಶಿರಾಹ್ ಒಳಗಿನಿಂದ ನನ್ನತ್ತ ನೋಡಿ ನಿರಾಳವಾಗಿ ಉಸಿರುಬಿಟ್ಟಳು. ಸಾರು ಕುದಿಯುವಾಗ ನಾನು ಒಲೆಯ ಹತ್ತಿರವೇ ನಿಂತಿದ್ದೆ, ಮಾಂಸದ ಬಣ್ಣ, ವಾಸನೆ ಎಲ್ಲ ನೋಡಿದೆ. ಬಟ್ಟಲು ನಾದಿನಿಯ ಕೈಗೆ ಹೋಗುವವರೆಗೂ ನನಗೆ ಸಮಾಧಾನವಿರಲಿಲ್ಲ. ಹೋದ ಮೇಲೂ ಇರಲಿಲ್ಲ. ಬಾಣಂತಿಗೂ ಕೂಸಿಗೂ ಏನೂ ಆಗಲಿಲ್ಲ.

ಮನೆಗೆ ಮರಳಿದಾಗ ಪರದೆಯ ಗೋಣಿಯಲ್ಲಿ, ನಿಂತವರ ಕಣ್ಣಿನ ಎತ್ತರಕ್ಕೆ, ಬೆರಳು ತೂರುವಷ್ಟು ತೂತಿತ್ತು. ಅತ್ತೆ ಸೂಜಿ ತಂದಳು. ಇಲಿ ಕಚ್ಚಿತೋ, ಹಳೆಯ ಗೋಣಿ ತಾನೇ ಸವೆಯಿತೋ, ಆಚೆಯಿಂದ ಯಾರಾದರೂ ಚುಚ್ಚಿದರೋ ನನಗೆ ಗೊತ್ತಿಲ್ಲ. ಕೋಳಿಗಳು ಉಳಿದದ್ದು ಗಾಳಿಯಿಂದ ಎಂದು ನಾನು ನಂಬುತ್ತೇನೆ. ಆದರೆ ಗಾಳಿ ಬಿಟ್ಟದ್ದೂ ಪರದೆ ಕಟ್ಟಿದ್ದೂ ಒಂದೇ ದಿನವಾದ್ದರಿಂದ, ಯಾರಾದರೂ ಆಣೆ ಹಾಕಿ ಹೇಳು ಎಂದರೆ ನನ್ನಿಂದ ಆಗದು.