ಅಳಿಲುಮರಿಗೆ ಕೊಡದ ನಿಪ್ಪಲ್

ಗಂಡನ ಅಂತ್ಯಕ್ರಿಯೆಗೆ ಬಂದ ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗು. ಪಕ್ಕದ ಮನೆಯ ಪೇಂಟರಣ್ಣನ ಏಣಿ ಅಂಗಳದ ಮರಕ್ಕೆ ಒರಗಿಯೇ ಇತ್ತು. ಮಗಳು ಪುಟ್ಟಿ ಚೀಪುವ ನಿಪ್ಪಲ್ ಬಿಡಿಸಲೆಂದು ಗಂಡ ಆ ಏಣಿಯನ್ನು ಎರವಲು ತಂದಿದ್ದ. "ನೀನು ಜಾಣಮರಿ. ಮೇಲಿರೋ ಅಳಿಲುಮರಿಗೆ ಕೊಟ್ಬಿಡೋಣ" ಎಂದು ಮಗಳನ್ನು ಪುಸಲಾಯಿಸಿ ಒಪ್ಪಿಸಿದ್ದ.

ಪುಟ್ಟಿ ತಾನಾಗಿಯೇ ನಿಪ್ಪಲ್ ತೆಗೆದು ಅಮ್ಮನ ಕೈಗಿಟ್ಟಳು.

"ಅಳಿಲಿಗೆ ಕೊಡಮ್ಮ. ನಾನು ಜಾಣಮರಿ ಆದೆ. ಈಗ ಅಪ್ಪ ಬರ್ತಾನಲ್ವಾ?"

ಹೂಂ ಎಂದಿದ್ದರೆ ಚಟ ಅಲ್ಲಿಗೇ ಬಿಟ್ಟುಹೋಗುತ್ತಿತ್ತು. ಆದರೆ ಸುಳ್ಳು ಹೇಳಲು ಅಮ್ಮನಿಗೆ ಬಾಯಿ ಬರಲಿಲ್ಲ.

"ಇಲ್ಲ ಕಂದ. ಬರಲ್ಲ."

ಮಗುವಿನ ತುಟಿ ನಡುಗಿತು. ಅಮ್ಮ ನಿಪ್ಪಲ್ ತೊಳೆದು ಮತ್ತೆ ಅದರ ಬಾಯಿಗಿಟ್ಟಳು. ಆಮೇಲೆ ಏಣಿ ಹೊತ್ತು ಪಕ್ಕದ ಮನೆಗೆ ನಡೆದಳು.

"ಅವಸರ ಏನಿತ್ತಮ್ಮ? ನಿಪ್ಪಲ್ ಬಿಡಿಸಿದ್ದಾಯ್ತಾ?" ಎಂದ ಪೇಂಟರಣ್ಣ.

"ಇಲ್ಲಣ್ಣ. ಅದೊಂದಾದ್ರೂ ಇರ್ಲಿ ಅವಳಿಗೆ" ಎಂದು ಏಣಿಯನ್ನು ಅವನ ಗೋಡೆಗೆ ಒರಗಿಸಿದಳು.